ಕ್ಯಾಂಪರ್ ವ್ಯಾನ್ ಟಾಯ್ಲೆಟ್‌ಗೆ ಏನು ಹಾಕಬೇಕು? ನಾತ ತಡೆಯುವ ಸಮಗ್ರ ಮಾರ್ಗದರ್ಶಿ

ಪುಣೆ, ಮುಂಬೈ ಕಡೆಯ ನಮ್ಮವರಲ್ಲಿ ಕ್ಯಾಂಪರ್ ವ್ಯಾನ್ (ಒಳಗೇ ಉಂಡು ಮಲಗಿ ಊರು ಸುತ್ತುವ ಗಾಡಿ) ಹುಚ್ಚು ಹತ್ತಿದವರು ಈಗ ಸಾಕಷ್ಟಿದ್ದಾರೆ. ಕೆಲವರು ಫೋರ್ಸ್ ಟ್ರಾವೆಲರ್ ಕೊಂಡು ಒಳಗೆಲ್ಲ ತಾವೇ ಕಟ್ಟಿಸಿಕೊಂಡಿದ್ದಾರೆ. ಕೆಲವರು ವಾರಾಂತ್ಯಕ್ಕೆ ಬಾಡಿಗೆಗೆ ತರುತ್ತಾರೆ. ಸೋಲಾರ್ ಎಷ್ಟು ವ್ಯಾಟ್, ಬ್ಯಾಟರಿ ಯಾವುದು ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಟಾಯ್ಲೆಟ್ ಮಾತು ಬಂದರೆ ಮಾತ್ರ ‘ಏನೋ ನೀಲಿ ಲಿಕ್ವಿಡ್ ಬರುತ್ತಂತಲ್ಲ, ಅದನ್ನ ಹಾಕಿದ್ರಾಯ್ತು’ ಅನ್ನುವಲ್ಲಿಗೆ ಮುಗಿಸುತ್ತಾರೆ.

ಆ ನೀಲಿ ಲಿಕ್ವಿಡ್ ಕೆಲವು ಕಡೆ ಸರಿ, ಕೆಲವು ಕಡೆ ಶುದ್ಧ ತಪ್ಪು. ಟ್ಯಾಂಕಿಗೆ ಏನು ಹಾಕಬೇಕು ಅನ್ನೋದು ಆ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುತ್ತೀರಿ ಅನ್ನೋದರ ಮೇಲೆ ನಿಂತಿದೆ. ಅಂಗಡಿಗೆ ಹೋಗುವ ಮೊದಲೇ ಇದನ್ನು ಯೋಚಿಸಿದರೆ ದುಡ್ಡೂ ಉಳಿಯುತ್ತದೆ, ಗೋವಾದಲ್ಲಿ ಯಾರದೋ ಮನೆಯ ಬಾವಿಯೂ ಉಳಿಯುತ್ತದೆ.

ನಾತದಲ್ಲಿ ಎರಡು ಬಗೆ

ಔಷಧಿ ಆರಿಸೋಕೆ ಮುಂಚೆ ರೋಗ ಗೊತ್ತಿರಬೇಕು. ಟ್ಯಾಂಕಿನಿಂದ ಬರುವ ವಾಸನೆಯಲ್ಲಿ ಮುಖ್ಯವಾಗಿ ಎರಡು ಬಗೆ ಇದೆ, ಎರಡಕ್ಕೂ ಮದ್ದು ಬೇರೆ.

ಮೊದಲನೆಯದು ಕಣ್ಣು ಉರಿಸುವ, ಬಸ್‌ಸ್ಟ್ಯಾಂಡ್ ಮೂತ್ರಿಯ ವಾಸನೆ. ಅದು ಅಮೋನಿಯಾ. ಆರೋಗ್ಯವಂತರ ಹೊಸ ಮೂತ್ರಕ್ಕೆ ಅಷ್ಟೇನೂ ವಾಸನೆ ಇರುವುದಿಲ್ಲ. ಅದರ ಪಿಎಚ್ 6ರ ಆಸುಪಾಸು, ಅಂದರೆ ಸ್ವಲ್ಪ ಹುಳಿ ಕಡೆ. ಟ್ಯಾಂಕಿನಲ್ಲಿ ಕೂತಮೇಲೆ ಬ್ಯಾಕ್ಟೀರಿಯಾ ಅದರಲ್ಲಿರುವ ಯೂರಿಯಾವನ್ನು ಒಡೆಯುತ್ತವೆ. ಆಗ ಅಮೋನಿಯಾ ಹುಟ್ಟುತ್ತದೆ, ಪಿಎಚ್ 9ರ ಹತ್ತಿರಕ್ಕೆ ಏರುತ್ತದೆ. ನಮ್ಮ ಬೇಸಿಗೆಯ ಬಿಸಿಯಲ್ಲಿ ಪಿಎಚ್ 9 ಮುಟ್ಟಿದರೆ ಹೆಚ್ಚುಕಡಿಮೆ ಅರ್ಧ ಅಮೋನಿಯಾ ನೀರು ಬಿಟ್ಟು ಗಾಳಿಗೆ ಏರಲು ಸಿದ್ಧವಾಗಿರುತ್ತದೆ. ಪಿಎಚ್ 6ರಲ್ಲಿ ಅದೇ ಅಮೋನಿಯಾ ನೀರಲ್ಲೇ ಕರಗಿ ಕೂತಿರುತ್ತದೆ, ಮೂಗಿಗೆ ತಟ್ಟುವುದೇ ಇಲ್ಲ.

ಎರಡನೆಯದು ಕೊಳೆತ ಮೊಟ್ಟೆಯ ನಾತ. ಅದು ಹೈಡ್ರೋಜನ್ ಸಲ್ಫೈಡ್. ಟ್ಯಾಂಕಿನ ತಳದಲ್ಲಿ ಆಮ್ಲಜನಕ ಮುಗಿದಾಗ ಬೇರೆ ಜಾತಿಯ ಬ್ಯಾಕ್ಟೀರಿಯಾ ಕೆಲಸ ಶುರು ಮಾಡುತ್ತವೆ. ಅವು ಸಲ್ಫೇಟನ್ನು ತಿಂದು ಈ ಅನಿಲ ಬಿಡುತ್ತವೆ. ಇದರ ಜೊತೆ ಮೀಥೇನೂ ಹುಟ್ಟುತ್ತದೆ, ಆದರೆ ಅದಕ್ಕೆ ವಾಸನೆ ಇಲ್ಲ.

ಎರಡಕ್ಕೂ ಬಿಸಿಲು ಅಂದರೆ ಹಬ್ಬ. ಪ್ರತಿ 10 ಡಿಗ್ರಿ ಏರಿದರೆ ಇಂಥ ಬ್ಯಾಕ್ಟೀರಿಯಾಗಳ ವೇಗ ಸುಮಾರು ಎರಡರಷ್ಟಾಗುತ್ತದೆ. ಹೊರದೇಶದ ಬಾಟಲಿಗಳ ಮೇಲೆ ‘ನಾಲ್ಕೈದು ದಿನ’ ಅಂತ ಬರೆದಿರುವುದು ಅಲ್ಲಿನ ತಂಪು ಹವೆಯ ಲೆಕ್ಕ. ಏಪ್ರಿಲ್‌ನಲ್ಲಿ ಪುಣೆ 40 ಡಿಗ್ರಿ ಹತ್ತಿರ ಹೋಗುತ್ತದೆ. ಮುಚ್ಚಿದ ಗಾಡಿಯೊಳಗೆ ಇನ್ನೂ ಜಾಸ್ತಿ. ಆ ನಾಲ್ಕೈದು ದಿನವನ್ನು ಇಲ್ಲಿ ಎರಡು ದಿನ ಅಂದುಕೊಳ್ಳಿ.

ಹಂತ 1: ನಿಮ್ಮದು ಯಾವ ಟಾಯ್ಲೆಟ್?

ಕೆಳಗಡೆ ಡಬ್ಬಿ ಬಿಡಿಸಿಕೊಂಡು ಬರುವ ಪೋರ್ಟಬಲ್ ಟಾಯ್ಲೆಟ್ ಅಥವಾ ಗಾಡಿಯ ಹೊರಗಿನ ಪುಟ್ಟ ಬಾಗಿಲಿಂದ ಎಳೆದು ತೆಗೆಯುವ ಕ್ಯಾಸೆಟ್: ಇವೆರಡೂ ಸಾಮಾನ್ಯವಾಗಿ 10ರಿಂದ 21 ಲೀಟರ್ ಹಿಡಿಯುತ್ತವೆ. ದೊಡ್ಡ ಗಾಡಿಗಳಲ್ಲಿ ಚಾಸಿಗೆ ಕಟ್ಟಿದ ಟ್ಯಾಂಕ್ ಇರುತ್ತದೆ, ಅದನ್ನು ಪೈಪ್ ಹಾಕಿ ಖಾಲಿ ಮಾಡಬೇಕು. ಮೂರನೆಯದು ಒಣ ಟಾಯ್ಲೆಟ್, ಅದರ ಮಾತು ಕೊನೆಗೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಕ್ಯಾಸೆಟ್ ಎರಡು ದಿನಕ್ಕೆ ಖಾಲಿಯಾಗುತ್ತದೆ. ನಿಧಾನವಾಗಿ ಕೆಲಸ ಮಾಡುವ ಪದಾರ್ಥಕ್ಕೆ ಅಲ್ಲಿ ಪುರುಸೊತ್ತೇ ಸಿಗುವುದಿಲ್ಲ. ದೊಡ್ಡ ಟ್ಯಾಂಕಿನಲ್ಲಿ ವಾರಗಟ್ಟಲೆ ಸಮಯ ಸಿಗುತ್ತದೆ.

ಹಂತ 2: ಎಲ್ಲಿ ಸುರಿಯುತ್ತೀರಿ?

ಯುರೋಪಿನ ಕ್ಯಾಂಪ್‌ಸೈಟ್‌ಗಳಲ್ಲಿ ಕ್ಯಾಸೆಟ್ ಖಾಲಿ ಮಾಡಲೆಂದೇ ಒಂದು ಜಾಗ ಇರುತ್ತದೆ. ನಮ್ಮ ದಾರಿಗಳಲ್ಲಿ ಅದನ್ನು ನಂಬಿಕೊಂಡು ಹೊರಡುವ ಹಾಗಿಲ್ಲ. ನಮಗೆ ಸಿಗುವುದು ಮೂರು ತರಹದ ಜಾಗ.

ಒಂದು, ನಿಮ್ಮದೇ ಮನೆಯ ಕಮೋಡ್. ಪುಣೆ, ಮುಂಬೈಯ ಫ್ಲಾಟುಗಳಲ್ಲಿ ಹೆಚ್ಚಾಗಿ ಅದು ನಗರದ ಒಳಚರಂಡಿಗೆ ಸೇರುತ್ತದೆ. ಅಲ್ಲಿ ಬಾಟಲಿಯ ರಾಸಾಯನಿಕ ಅಳತೆ ಮೀರದೆ ಹೋದರೆ ದೊಡ್ಡ ತೊಂದರೆಯಿಲ್ಲ, ಅಷ್ಟು ನೀರಿನಲ್ಲಿ ತೆಳುವಾಗಿ ಹೋಗುತ್ತದೆ. ಆದರೆ ಎಚ್ಚರ. ಪುಣೆಯ ಹೊರವಲಯದ ಎಷ್ಟೋ ಸೊಸೈಟಿಗಳಿಗೆ ಸ್ವಂತ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ಅದು ನಡೆಯುವುದೇ ಬ್ಯಾಕ್ಟೀರಿಯಾದಿಂದ, ಬ್ಯಾಕ್ಟೀರಿಯಾ ಕೊಲ್ಲುವ ನೀಲಿ ಲಿಕ್ವಿಡ್ ಅಲ್ಲಿಗೆ ಬೇಡ. ನಿಮ್ಮದು ಯಾವುದು ಅಂತ ಸೊಸೈಟಿ ಆಫೀಸಿನಲ್ಲಿ ಒಂದು ಮಾತು ಕೇಳಿ.

ಎರಡು, ಸೆಪ್ಟಿಕ್ ಟ್ಯಾಂಕ್. ಗೋವಾದ ಹಳ್ಳಿಗಳು, ಪವನಾ ಕೆರೆಯ ಸುತ್ತಲಿನ ಕ್ಯಾಂಪುಗಳು, ಕಾರವಾರದವರೆಗಿನ ಹೋಮ್‌ಸ್ಟೇಗಳು ಹೆಚ್ಚಾಗಿ ಇವೇ. ಗುಂಡಿಯೊಳಗಿನ ಬ್ಯಾಕ್ಟೀರಿಯಾ ಮಲವನ್ನು ಕರಗಿಸುತ್ತವೆ, ಉಳಿದ ನೀರು ಇಂಗುಗುಂಡಿಯಿಂದ ಮಣ್ಣಿಗೆ ಇಳಿಯುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲ ತೂತು ತೂತು, ನೀರನ್ನು ಬೇಗ ಬಿಟ್ಟುಕೊಡುತ್ತದೆ. ಬಾವಿ ಅಲ್ಲೇ ಹಿತ್ತಲಲ್ಲಿ. ಬ್ಯಾಕ್ಟೀರಿಯಾ ಕೊಲ್ಲುವ ನೀಲಿ ಲಿಕ್ವಿಡ್ ಒಂದು ಸಣ್ಣ ಮನೆಯ ಗುಂಡಿಗೆ ಪೂರ್ತಿ ಕ್ಯಾಸೆಟ್‌ನಷ್ಟು ಬಿದ್ದರೆ ಗುಂಡಿ ಕೆಲಸ ನಿಲ್ಲಿಸಬಹುದು.

ಗೋವಾದ ಕಾಣಕೋಣದ ಕಡೆ ಒಂದು ಹೋಮ್‌ಸ್ಟೇಯಲ್ಲಿ ಕೆಲಸಕ್ಕಿದ್ದ ಬಾಗಲಕೋಟೆಯ ಹುಡುಗ ಕ್ಯಾಸೆಟ್ ನೋಡಿದವನೇ ಮೊದಲು ಕೇಳಿದ್ದು ಇದನ್ನೇ. “ಅಣ್ಣಾರ, ಇದರಾಗ ನೀಲಿ ಔಷಧ ಐತೇನ್ರಿ? ಇದ್ರ ಇಲ್ಲಿ ಸುರಿಬ್ಯಾಡ್ರಿ. ಹಿಂದಕ ಯಾರೋ ಸುರುವಿ ಹೋದ್ರು, ಗುಂಡಿ ಕೆಟ್ಟು ಅಂಗಳಕ್ಕೆಲ್ಲಾ ನಾತ ಹೊಡೀತು.” ನಾನು “ಇಲ್ಲ ತಮ್ಮಾ, ಬಟ್ಟಿ ಒಗಿಯೋ ಲಿಕ್ವಿಡ್ ಅಷ್ಟ ಐತಿ” ಅಂದಮೇಲೆ ಅವನೇ ಬಾಗಿಲು ತೆಗೆದು ಬಕೆಟ್‌ನಲ್ಲಿ ನೀರು ತಂದುಕೊಟ್ಟ. ಕೇಳಿ ಸುರಿಯುವುದು ಮರ್ಯಾದೆ. ಏನು ಹಾಕಿದ್ದೀರಿ ಅಂತ ಹೇಳುವುದು ಅದಕ್ಕಿಂತ ದೊಡ್ಡ ಮರ್ಯಾದೆ.

ಮೂರು, ಹೆದ್ದಾರಿಯ ಫುಡ್ ಮಾಲ್‌ಗಳು, ಪೆಟ್ರೋಲ್ ಬಂಕುಗಳು. ಅಲ್ಲಿ ಸುಮ್ನೆ ಒಳಗೆ ನುಗ್ಗಿ ಸುರಿಯಬೇಡಿ. ಮ್ಯಾನೇಜರ್ ಒಪ್ಪಿದರೆ ಸರಿ, ಇಲ್ಲದಿದ್ದರೆ ಮುಂದೆ ಹೋಗಿ. ರಸ್ತೆ ಬದಿಯ ಗಟಾರ, ನಾಲೆ, ಬೀಚಿನ ಹಿಂದಿನ ಗಾಳಿಮರದ ತೋಪು ಇವೆಲ್ಲ ಲೆಕ್ಕಕ್ಕೇ ಇಲ್ಲ.

ದೊಡ್ಡ ಟ್ಯಾಂಕ್ ಇದ್ದವರು ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಸಕ್ಷನ್ ಟ್ಯಾಂಕರ್ ಕರೆಸಿ. ಯಾರನ್ನೋ ಕೈಯಲ್ಲಿ ಬಳಿಯಲು ಹಚ್ಚಬೇಡಿ. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅದು ಅಪರಾಧ.

ಹಂತ 3: ಬಾಟಲಿಯ ಹಿಂಬದಿ ಓದಿ

ಮುಂದೆ ಎಲೆ, ಹೂವು, ಬೆಟ್ಟದ ಚಿತ್ರ ಇರುತ್ತದೆ. ಅದನ್ನು ಬಿಟ್ಟು ಹಿಂದೆ ತಿರುಗಿಸಿ. ಅಂಗಡಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಿಗುವುದನ್ನೆಲ್ಲ ನಾಲ್ಕು ಗುಂಪು ಮಾಡಬಹುದು.

ಕೊಲ್ಲುವ ಗುಂಪು ಮೊದಲನೆಯದು. ಫಾರ್ಮಾಲ್ಡಿಹೈಡ್, ಗ್ಲುಟರಾಲ್ಡಿಹೈಡ್, ಬ್ರೊನೊಪಾಲ್, ಬೆನ್ಜಾಲ್ಕೋನಿಯಂ ಕ್ಲೋರೈಡ್ ಇವುಗಳಲ್ಲಿ ಯಾವ ಹೆಸರು ಕಂಡರೂ ಅದು ಬ್ಯಾಕ್ಟೀರಿಯಾ ಕೊಂದು ನಾತ ನಿಲ್ಲಿಸುತ್ತದೆ. ಹೆಚ್ಚಾಗಿ ನೀಲಿ ಬಣ್ಣ. ಕೆಲಸದಲ್ಲಿ ಇದಕ್ಕೆ ಸಾಟಿಯಿಲ್ಲ, ಸುಡು ಬಿಸಿಲಲ್ಲೂ ನಡೆಯುತ್ತದೆ. ಆದರೆ ಸೆಪ್ಟಿಕ್ ಟ್ಯಾಂಕಿಗೆ ಬೇಡವೇ ಬೇಡ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ಇಷ್ಟು ಚಿಕ್ಕ ಗಾಡಿಯಲ್ಲಿ, ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಅದನ್ನು ಇಡುವ ಮನಸ್ಸು ನನಗಂತೂ ಇಲ್ಲ.

ಎರಡನೆಯದು ನೈಟ್ರೇಟ್ ಗುಂಪು, ಮುಖ್ಯವಾಗಿ ಕ್ಯಾಲ್ಸಿಯಂ ನೈಟ್ರೇಟ್. ಇದರ ಉಪಾಯ ಚೆನ್ನಾಗಿದೆ. ಆಮ್ಲಜನಕ ಸಿಗದಾಗ ಬ್ಯಾಕ್ಟೀರಿಯಾ ಸಲ್ಫೇಟಿಗಿಂತ ಮೊದಲು ನೈಟ್ರೇಟನ್ನೇ ಬಳಸುತ್ತವೆ. ಅದು ಸಿಗುವವರೆಗೆ ಕೊಳೆತ ಮೊಟ್ಟೆಯ ಅನಿಲ ಹುಟ್ಟುವುದಿಲ್ಲ. ಯಾರನ್ನೂ ಕೊಲ್ಲುವುದಿಲ್ಲವಾದ್ದರಿಂದ ಸೆಪ್ಟಿಕ್ ಟ್ಯಾಂಕಿಗೆ ಹೊಂದುತ್ತದೆ. ಇದೇ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರದ ಅಂಗಡಿಗಳಲ್ಲಿ ಚೀಲಗಟ್ಟಲೆ ಸಿಗುತ್ತದೆ, ಅಗ್ಗ ಅಂತ ಕೆಲವರು ಅದನ್ನೇ ಸುರಿಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕಣ್ಣಳತೆಯಲ್ಲಿ ಮುಷ್ಟಿ ಮುಷ್ಟಿ ಹಾಕಿ ಬಾವಿ ಪಕ್ಕದ ಗುಂಡಿಗೆ ಸುರಿಯುವ ವಸ್ತುವಲ್ಲ ಅದು. ಟಾಯ್ಲೆಟ್‌ಗೆಂದೇ ಅಳತೆ ಮಾಡಿ ಮಾರುವುದನ್ನು ಅಳತೆಯಲ್ಲೇ ಬಳಸಿ.

ಮೂರನೆಯದು ಬ್ಯಾಕ್ಟೀರಿಯಾ ಪುಡಿ, ಎನ್‌ಜೈಮ್ ಪುಡಿ. ಸೆಪ್ಟಿಕ್ ಟ್ಯಾಂಕಿಗೆ ಹಾಕುವ ಪೊಟ್ಟಣಗಳೂ ಇದೇ ಜಾತಿ. ಇವು ಒಳ್ಳೆಯವೇ, ಆದರೆ ಅವಸರದವಲ್ಲ. ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕು. ಹಾಕಿದಮೇಲೂ ಚುರುಕಾಗಲು ಒಂದು ದಿನವಾದರೂ ಬೇಕು. ಎರಡು ದಿನಕ್ಕೆ ಖಾಲಿಯಾಗುವ ಕ್ಯಾಸೆಟ್‌ನಲ್ಲಿ ಅವು ಕಣ್ಣು ಬಿಡುವಷ್ಟರಲ್ಲಿ ನಾವು ಸುರಿದಿರುತ್ತೇವೆ. ದೊಡ್ಡ ಟ್ಯಾಂಕಿಗಾದರೆ ನನ್ನ ಮೊದಲ ಆಯ್ಕೆ ಇದೇ. ‘ರೈಲಿನ ಬಯೋ-ಟಾಯ್ಲೆಟ್‌ನಲ್ಲಿ ಬ್ಯಾಕ್ಟೀರಿಯಾ ನಡೆಯುತ್ತಲ್ಲ, ನಮ್ಮದರಲ್ಲಿ ಯಾಕಾಗಲ್ಲ?’ ಅಂತ ಕೇಳುವವರಿದ್ದಾರೆ. ರೈಲ್ವೆ ಮತ್ತು ಡಿಆರ್‌ಡಿಒ ಸೇರಿ ಮಾಡಿದ ಆ ವ್ಯವಸ್ಥೆಯಲ್ಲಿ ಬೋಗಿಯ ಕೆಳಗೆ ಖಾನೆ ಖಾನೆಗಳಿರುವ ಟ್ಯಾಂಕ್ ಇದೆ, ಬ್ಯಾಕ್ಟೀರಿಯಾ ಅಲ್ಲೇ ಸಂಸಾರ ಮಾಡಿಕೊಂಡಿರುತ್ತವೆ. ನಾವು ಕ್ಯಾಸೆಟ್ ತೊಳೆದಾಗಲೆಲ್ಲ ಅವುಗಳ ಮನೆ ಖಾಲಿ.

ನಾಲ್ಕನೆಯದು ಬರೀ ಸೆಂಟು. ಲ್ಯಾವೆಂಡರ್ ವಾಸನೆಯ ಜೊತೆ ಕೆಳಗಿನ ನಾತ ಸೇರಿ ಮೂರನೇ ಒಂದು ವಾಸನೆ ಹುಟ್ಟುತ್ತದೆ. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಹಂತ 4: ಮನೆಯ ಕಪಾಟಿನಲ್ಲಿ ಇರುವುದು

ಇಲ್ಲಿ ತಪ್ಪು ಸಲಹೆಗಳು ಜಾಸ್ತಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಿಟ್ರಿಕ್ ಆ್ಯಸಿಡ್, ಅಂದರೆ ನಿಂಬೆ ಉಪ್ಪು. ಮುಂಬೈಯಲ್ಲಾದರೆ ಕ್ರಾಫರ್ಡ್ ಮಾರ್ಕೆಟ್‌ನ ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಪುಣೆ, ಮಡಗಾಂವ್‌ನಲ್ಲೂ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಪಿಎಚ್ ಇಳಿಸಿ ಅಮೋನಿಯಾವನ್ನು ನೀರಲ್ಲೇ ಕಟ್ಟಿಹಾಕುವುದು ಇದರ ಕೆಲಸ. ಖಾಲಿ ಕ್ಯಾಸೆಟ್‌ಗೆ ಎರಡು ಲೀಟರ್ ನೀರು, ಎರಡು ಮೂರು ದೊಡ್ಡ ಚಮಚ ಪುಡಿ. ಒಂದು ದಿನದ ಮಟ್ಟಿಗೆ ಮೂತ್ರದ ವಾಸನೆ ಹತೋಟಿಯಲ್ಲಿರುತ್ತದೆ. ಆದರೆ ಒಂದು ಕಟ್ಟುನಿಟ್ಟು: ಇದನ್ನು ಶುರುವಿನಲ್ಲೇ ಹಾಕಬೇಕು. ಈಗಾಗಲೇ ಕೊಳೆತ ಮೊಟ್ಟೆಯ ನಾತ ಹಿಡಿದ ಟ್ಯಾಂಕಿಗೆ ಹುಳಿ ಸುರಿದರೆ ನೀರಲ್ಲಿ ಕರಗಿದ್ದ ಸಲ್ಫೈಡ್ ಅನಿಲವಾಗಿ ಒಮ್ಮೆಲೇ ಮೇಲೇಳುತ್ತದೆ. ಅದು ವಿಷ, ಮುಚ್ಚಿದ ಗಾಡಿಯಲ್ಲಿ ಆಟವಲ್ಲ.

ಅಡುಗೆ ಸೋಡಾ ಇದಕ್ಕೆ ನೇರ ಉಲ್ಟಾ. ಅದು ಪಿಎಚ್ ಏರಿಸುತ್ತದೆ, ಅಮೋನಿಯಾಕ್ಕೆ ಬಾಗಿಲು ತೆರೆದುಕೊಡುತ್ತದೆ. ಫ್ರಿಜ್‌ನ ವಾಸನೆಗೆ ಸೋಡಾ ಇಡುತ್ತಾರೆ ಅಂತ ಇಲ್ಲೂ ಸುರಿಯಬೇಡಿ. ವಿನೆಗರ್ ಮತ್ತು ಸೋಡಾ ಒಟ್ಟಿಗೆ ಹಾಕುವವರೂ ಇದ್ದಾರೆ. ಬುಸ್ಸೆಂದು ನೊರೆ ಬರುತ್ತದೆ, ಎರಡೂ ಒಂದನ್ನೊಂದು ಮುಗಿಸಿಕೊಳ್ಳುತ್ತವೆ, ಅಷ್ಟೇ.

ಬಟ್ಟೆ ಒಗೆಯುವ ಲಿಕ್ವಿಡ್. ಫ್ರಂಟ್ ಲೋಡ್ ಮಷೀನ್‌ಗೆ ಬರುವುದನ್ನೇ ತಗೊಳ್ಳಿ, ಅದರಲ್ಲಿ ನೊರೆ ಕಡಿಮೆ. ಎನ್‌ಜೈಮ್ ಇದೆಯೇ ಅಂತ ಲೇಬಲ್ ನೋಡಿ. ಎನ್‌ಜೈಮ್ ಮಲ ಮತ್ತು ಕಾಗದವನ್ನು ಸಡಿಲ ಮಾಡುತ್ತದೆ, ಸಾಬೂನಿನ ಅಂಶ ಗೋಡೆಗೆ ಅಂಟದಂತೆ ನೋಡಿಕೊಳ್ಳುತ್ತದೆ. ಎರಡು ಲೀಟರ್ ನೀರಿಗೆ ಒಂದು ಮುಚ್ಚಳ ಸಾಕು. ಜಾಸ್ತಿ ಹಾಕಿ ಖಂಬಾಟಕಿ ಘಾಟಿ ಹತ್ತಿದರೆ ಒಳಗೆ ಮಜ್ಜಿಗೆ ಕಡೆದ ಹಾಗೆ ನೊರೆಯೆದ್ದು ಬ್ಲೇಡ್ (ಬೌಲ್ ಮತ್ತು ಕ್ಯಾಸೆಟ್ ನಡುವೆ ಜಾರಿಸಿ ಮುಚ್ಚುವ ತಟ್ಟೆ) ಸಂದಿಯಿಂದ ಇಣುಕುತ್ತದೆ. ಟಾಯ್ಲೆಟ್ ಕಂಪನಿಗಳು ತಮ್ಮದಲ್ಲದ ಲಿಕ್ವಿಡ್ ಹಾಕಬೇಡಿ ಎನ್ನುತ್ತವೆ. ವಾರಂಟಿ ಇನ್ನೂ ಇದ್ದವರು ಅದನ್ನೂ ಯೋಚಿಸಿ. ನಾನು ಗೋವಾ ಕಡೆ ಹೋಗುವಾಗ ಬಳಸುವುದು ಇದನ್ನೇ.

ಬಯೋ-ಎನ್‌ಜೈಮ್: ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ-ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಹುದುಗಿಸುವುದು. ಪುಣೆಯಲ್ಲಿ ಇದಕ್ಕೆ ಭಕ್ತರೇ ಇದ್ದಾರೆ. ನಿಜ ಹೇಳಬೇಕೆಂದರೆ ಅದು ಮುಖ್ಯವಾಗಿ ತೆಳು ಹುಳಿ ನೀರು. ಕ್ಯಾಸೆಟ್ ತೊಳೆಯೋಕೆ, ಕಮೋಡ್ ಒರೆಸೋಕೆ ಚೆಂದ. ಎರಡು ದಿನದ ನಾತ ತಡೆಯುವ ಬಲ ಅದಕ್ಕಿಲ್ಲ.

ಇನ್ನು ಹಾಕಲೇಬಾರದವು. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆ್ಯಸಿಡ್, ರಬ್ಬರ್ ಸೀಲನ್ನು ತಿನ್ನುತ್ತವೆ. ಬ್ಲೀಚಿಂಗ್ ಪೌಡರ್ ಮೂತ್ರದ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಅನಿಲ ಬರುತ್ತದೆ, ಆ್ಯಸಿಡ್ ಕ್ಲೀನರ್ ಜೊತೆ ಸೇರಿದರೆ ಕ್ಲೋರಿನ್. ಎರಡೂ ಶ್ವಾಸಕೋಶ ಸುಡುವಂಥವು. ಫಿನಾಯಿಲ್ ಗುಂಡಿಯ ಬ್ಯಾಕ್ಟೀರಿಯಾಕ್ಕೆ ಶತ್ರು. ನುಸಿಗುಳಿಗೆ ವಾಸನೆ ಮುಚ್ಚುತ್ತದೆಯೇ ಹೊರತು ಏನನ್ನೂ ತಡೆಯುವುದಿಲ್ಲ, ಅದರ ಹೊಗೆಯಂಥ ಗಾಳಿಯಲ್ಲಿ ರಾತ್ರಿಯಿಡೀ ಮಲಗುವುದು ಒಳ್ಳೆಯದಲ್ಲ.

ಹಂತ 5: ನೀರಿನ ಲೆಕ್ಕ

ಹೊರದೇಶದ ಯಾವ ಕೈಪಿಡಿಯಲ್ಲೂ ಈ ಮಾತು ಸಿಗುವುದು ಕಷ್ಟ. ಅವರು ಕಾಗದ ಬಳಸುತ್ತಾರೆ, ನಾವು ನೀರು. ಜೆಟ್ ಸ್ಪ್ರೇ ಹಿಡಿದರೆ ಒಂದು ಸಲಕ್ಕೆ ಒಂದೆರಡು ಲೀಟರ್ ಸಲೀಸಾಗಿ ಹೋಗುತ್ತದೆ. ಒಬ್ಬರಿಗೆ ದಿನಕ್ಕೆ ಒಂದೂವರೆ ಲೀಟರಿನಷ್ಟು ಮೂತ್ರ, ಜೊತೆಗೆ ಫ್ಲಷ್ ನೀರು. ಮನೆ ಮಂದಿ ನಾಲ್ಕು ಜನ ಇದ್ದರೆ 20 ಲೀಟರ್ ಕ್ಯಾಸೆಟ್ ಒಂದೇ ದಿನಕ್ಕೆ ತುಂಬಿ ಕೂರುತ್ತದೆ. ಹಾಕಿದ ಲಿಕ್ವಿಡ್ ಕೂಡ ತೆಳುವಾಗುತ್ತದೆ.

ಹಾಗಂತ ನೀರು ಬಿಟ್ಟು ಕಾಗದಕ್ಕೆ ಹೊರಳಿ ಅಂತ ನಾನು ಹೇಳಲ್ಲ, ನಮ್ಮ ಮನೆಯಲ್ಲಿ ಅಜ್ಜಿ ಕೇಳಿದರೆ ಗಾಡಿಯನ್ನೇ ಹತ್ತುವುದಿಲ್ಲ. ಜೆಟ್ ಸ್ಪ್ರೇ ತೆಗೆದು ಅರ್ಧ ಲೀಟರಿನ ಒತ್ತುವ ಬಾಟಲಿ ಇಡಿ. ಮುಚ್ಚಳಕ್ಕೆ ಮೂರು ನಾಲ್ಕು ತೂತು ಮಾಡಿದರೆ ಸಾಕು, ಮುನ್ನೂರು ನಾನೂರು ಮಿಲಿಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಲಿಕ್ವಿಡ್ ಅಳತೆಯನ್ನೂ ದಿನದ ಲೆಕ್ಕದಲ್ಲಿ ನೋಡದೆ ಟ್ಯಾಂಕಿನ ಲೀಟರ್ ಲೆಕ್ಕದಲ್ಲಿ ನೋಡಿ.

ಕಾಗದ ಬಳಸುವವರಿಗೆ ಒಂದು ಪರೀಕ್ಷೆ. ಒಂದು ಬಾಟಲಿ ನೀರಿಗೆ ಎರಡು ತುಂಡು ಹಾಕಿ ಅಲುಗಾಡಿಸಿ. ಗಂಜಿಯಂತೆ ಬಿಟ್ಟುಕೊಂಡರೆ ಸರಿ. ಇಡೀ ಹಾಳೆ ಹಾಗೇ ತೇಲಿದರೆ ಅದು ಕ್ಯಾಸೆಟ್‌ಗೆ ಬೇಡ. ವೆಟ್ ವೈಪ್ಸ್, ಪ್ಯಾಡ್ ಇವಕ್ಕೆ ಬೇರೆ ಡಬ್ಬಿ.

ಹಂತ 6: ಹಾಕುವ ಕ್ರಮ

ಮೊದಲು ನೀರು, ಆಮೇಲೆ ಲಿಕ್ವಿಡ್. ಎರಡರಿಂದ ಮೂರು ಲೀಟರ್ ನೀರು ತಳದಲ್ಲಿರಲೇಬೇಕು, ಒಣ ತಳಕ್ಕೆ ಮಲ ಬಿದ್ದರೆ ಅಂಟಿಕೊಂಡು ಬಿಡುತ್ತದೆ. ಕ್ಯಾಸೆಟನ್ನು ಹೊರಗೆ ತೆಗೆದು ಸುರಿಯುವ ಮೂತಿಯಿಂದಲೇ ಹಾಕಿ. ಮೇಲಿನ ಬೌಲ್‌ನಿಂದ ದಟ್ಟ ಲಿಕ್ವಿಡ್ ಸುರಿದರೆ ಅದು ಸೀಲಿನ ಮೇಲೆ ನಿಂತು ರಬ್ಬರ್ ಒಣಗಿಸುತ್ತದೆ. ಕೈಗೆ ಗ್ಲೌಸ್. ಎರಡು ಬಗೆಯ ಲಿಕ್ವಿಡ್ ಎಂದೂ ಬೆರೆಸಬೇಡಿ. ನೀಲಿಯಿಂದ ಬ್ಯಾಕ್ಟೀರಿಯಾ ಪುಡಿಗೆ ಬದಲಾಗುವವರು ಟ್ಯಾಂಕನ್ನು ಚೆನ್ನಾಗಿ ತೊಳೆದ ಮೇಲೆ ಬದಲಾಗಿ, ಇಲ್ಲದಿದ್ದರೆ ಉಳಿದ ನೀಲಿಯೇ ಪುಡಿಯನ್ನು ಸಾಯಿಸುತ್ತದೆ.

ಫ್ಲಷ್ ಟ್ಯಾಂಕಿನ ನೀರನ್ನು ಮರೆಯುತ್ತೇವೆ. ಹಿಂದಿನ ಪ್ರವಾಸದ ನೀರು ಅಲ್ಲೇ ನಿಂತು ಪಾಚಿ ವಾಸನೆ ಹಿಡಿಯುತ್ತದೆ. ಪ್ರತಿ ಸಲ ಬದಲಿಸಿ.

ಹಂತ 7: ಎಲ್ಲಾ ಹಾಕಿದರೂ ನಾತ ಬಂದರೆ

ಆಗ ಇನ್ನಷ್ಟು ಸುರಿಯಬೇಡಿ. ವಾಸನೆ ಬರುತ್ತಿರುವ ದಾರಿ ಹುಡುಕಿ.

ಬ್ಲೇಡ್ ತೆಗೆದು ಟಾರ್ಚ್ ಹಿಡಿದು ರಬ್ಬರ್ ಸೀಲಿನ ಅಂಚು ನೋಡಿ. ಬೂದು ಬಿಳಿ ಪದರ ಕಾಣುತ್ತದೆಯೇ? ಉಗುರಿನಿಂದ ಕೆರೆದರೆ ಸುಣ್ಣದಂತೆ ಉದುರುತ್ತದೆಯೇ? ಅದು ಮೂತ್ರದ ಉಪ್ಪು. ಆ ಪದರ ಇರುವವರೆಗೆ ಸೀಲ್ ಪೂರ್ತಿ ಕೂರುವುದಿಲ್ಲ. ಕ್ಯಾಸೆಟ್ ಖಾಲಿ ಮಾಡಿ, ತೊಳೆದು, ಸಿಟ್ರಿಕ್ ಆ್ಯಸಿಡ್ ನೀರಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸೀಲಿನ ಮೇಲೆ ಸುತ್ತಿಡಿ. ಮೆತ್ತಗೆ ಉಜ್ಜಿದರೆ ಬಿಡುತ್ತದೆ. ಒಣಗಿದ ಮೇಲೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಬೇಡ, ರಬ್ಬರ್ ಉಬ್ಬಬಹುದು.

ಸೀಲ್ ಸರಿಯಿದೆ, ಆದರೂ ನಾತ? ಛಾವಣಿಯ ಫ್ಯಾನ್ ಹಾಕಿ ಕಿಟಕಿಯೆಲ್ಲ ಮುಚ್ಚಿದ್ದೀರಾ ನೋಡಿ. ಫ್ಯಾನ್ ಹೊರಗೆ ಎಳೆಯುವ ಗಾಳಿ ಎಲ್ಲಿಂದಲೋ ಒಳಗೆ ಬರಬೇಕಲ್ವಾ? ಟಾಯ್ಲೆಟ್ ಸಂದಿ, ಸ್ನಾನದ ಜಾಲರಿ ಇವೇ ಆ ದಾರಿ. ಮೊದಲು ಕಿಟಕಿ, ಆಮೇಲೆ ಫ್ಯಾನ್. ಘಾಟಿಯ ತಿರುವುಗಳಲ್ಲಿ ಸ್ನಾನದ ಪೈಪಿನ ಬಾಗಿನಲ್ಲಿರುವ ನೀರು ಚೆಲ್ಲಿ ಹೋಗುತ್ತದೆ. ಊರು ಸೇರಿದ ಮೇಲೆ ಅಲ್ಲಿಗೆ ಒಂದು ಮಗ್ ನೀರು ಹಾಕಿ. ಎಷ್ಟೋ ಸಲ ಟಾಯ್ಲೆಟ್ ಮೇಲೆ ಹಾಕುವ ಅಪವಾದ ಈ ಪೈಪಿನದು.

ಇನ್ನೊಂದು, ಘಾಟಿ ಹತ್ತುವವರಿಗೆ. ಸಮುದ್ರ ಮಟ್ಟದಿಂದ ಮಹಾಬಳೇಶ್ವರಕ್ಕೆ ಹೋದರೆ ಸುಮಾರು 1,350 ಮೀಟರ್ ಏರುತ್ತೀರಿ, ಹೊರಗಿನ ಗಾಳಿಯ ಒತ್ತಡ ಶೇ 15ರಷ್ಟು ಇಳಿಯುತ್ತದೆ. ಬಿಗಿ ಮುಚ್ಚಿದ ಕ್ಯಾಸೆಟ್ ಒಳಗಿನ ಗಾಳಿ ಹೊರಗೆ ನುಗ್ಗಲು ಕಾಯುತ್ತಿರುತ್ತದೆ. ಮೇಲೆ ಹೋಗಿ ಮೊದಲ ಸಲ ಬ್ಲೇಡನ್ನು ರಪ್ಪಂತ ಎಳೆದರೆ ಮುಖಕ್ಕೇ ಬರುತ್ತದೆ. ಬಾಗಿಲು ತೆರೆದಿಟ್ಟು, ಒಂದು ಕೂದಲೆಳೆಯಷ್ಟು ತೆಗೆದು ಬುಸ್ ಅನ್ನುವವರೆಗೆ ನಿಂತು, ಆಮೇಲೆ ಪೂರ್ತಿ ತೆಗೆಯಿರಿ.

ದುಡ್ಡು ಹಾಕಬಲ್ಲವರಿಗೆ ಇನ್ನೊಂದು ದಾರಿ: ಕ್ಯಾಸೆಟ್‌ನ ಗಾಳಿಯನ್ನು ಹೊರಗೆ ಎಳೆಯುವ 12 ವೋಲ್ಟ್‌ನ ಪುಟ್ಟ ಫ್ಯಾನ್. ಬ್ಲೇಡ್ ತೆಗೆದಾಗ ತಾನೇ ಓಡುತ್ತದೆ, ಇದ್ದಿಲು ಫಿಲ್ಟರ್ ಮೂಲಕ ಗಾಳಿ ಹೊರಗೆ ಹೋಗುತ್ತದೆ. ಇದಿದ್ದರೆ ಲಿಕ್ವಿಡ್ ಇಲ್ಲದೆಯೂ ನಡೆಯುತ್ತದೆ, ಬರೀ ನೀರು ಸಾಕು. ಇದ್ದಿಲು ಫಿಲ್ಟರನ್ನು ಮಾತ್ರ ಕಾಲಕಾಲಕ್ಕೆ ಬದಲಿಸಬೇಕು.

ಹಂತ 8: ಖಾಲಿ ಮಾಡುವುದು

ಬ್ಲೇಡ್ ಮುಚ್ಚಿ, ಮೂತಿ ತಿರುಗಿಸಿ, ಗಾಳಿ ಬಿಡುವ ಬಟನ್ ಒತ್ತಿಕೊಂಡು ಕಮೋಡಿನ ಗೋಡೆಗೆ ತಾಗುವಂತೆ ನಿಧಾನ ಸುರಿಯಿರಿ. ಬಟನ್ ಒತ್ತದಿದ್ದರೆ ಗುಳುಗುಳು ಅಂತ ಹಾರಿ ಪ್ಯಾಂಟಿಗೆ ಬೀಳುತ್ತದೆ. ಎರಡು ಲೀಟರ್ ನೀರು ಹಾಕಿ ಅಲುಗಾಡಿಸಿ ಸುರಿಯುವುದನ್ನು ಎರಡು ಮೂರು ಸಲ ಮಾಡಿ. ತುಂಬಿದ 20 ಲೀಟರ್ ಕ್ಯಾಸೆಟ್ 20 ಕಿಲೋ ಮೇಲಿರುತ್ತದೆ. ಮುಂಬೈಯ ಫ್ಲಾಟಿನವರು ಸರ್ವಿಸ್ ಲಿಫ್ಟ್ ಹಿಡಿಯಿರಿ, ಸಂಜೆ ಆರು ಗಂಟೆಗೆ ಪೂಜೆಗೆ ಹೊರಟ ಅಕ್ಕಪಕ್ಕದವರ ಜೊತೆ ಅದನ್ನು ಹಿಡಿದು ನಿಲ್ಲುವುದು ಬೇಡ. ಬೇಸಿಗೆಯಲ್ಲಿ ಟ್ಯಾಂಕ್ ಅರ್ಧವೇ ಇರಲಿ, ಎರಡು ದಿನಕ್ಕೊಮ್ಮೆ ಖಾಲಿ ಮಾಡಿ. ಯಾವ ಬಾಟಲಿಯೂ ಇದಕ್ಕೆ ಸಮವಲ್ಲ.

ಒಣ ಟಾಯ್ಲೆಟ್

ಮೂತ್ರವನ್ನೂ ಮಲವನ್ನೂ ಬೇರೆ ಮಾಡಿದರೆ ಮುಕ್ಕಾಲು ಪಾಲು ನಾತ ಹುಟ್ಟುವುದೇ ಇಲ್ಲ. ಮುಂದಿನ ಭಾಗದಿಂದ ಮೂತ್ರ ಒಂದು ಕ್ಯಾನಿಗೆ, ಹಿಂದೆ ಬಕೆಟ್‌ನಲ್ಲಿ ಕೋಕೋಪೀಟ್. ನರ್ಸರಿಯಲ್ಲಿ ಸಿಗುವ 650 ಗ್ರಾಂ ಇಟ್ಟಿಗೆಯೊಂದು ನೀರಲ್ಲಿ ಅರಳಿ ಹಲವು ಲೀಟರ್ ಆಗುತ್ತದೆ. ಇದಕ್ಕೆ ತೇವ ಕಡಿಮೆಯಿರಲಿ, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಪ್ರತಿ ಸಲ ಮೇಲೆ ಒಂದೆರಡು ಹಿಡಿ ಹಾಕಿ ಮುಚ್ಚಬೇಕು. ತೊಳೆದುಕೊಳ್ಳುವ ನೀರು ಬಕೆಟಿಗೆ ಬಿದ್ದರೆ ಕೆಟ್ಟಿತು, ಅದಕ್ಕೆ ಬೇರೆ ದಾರಿ ಮಾಡಬೇಕು. ನಮ್ಮಂಥ ಮನೆಗಳಲ್ಲಿ ಇದು ನಿಲ್ಲದಿರುವುದಕ್ಕೆ ಅದೇ ಕಾರಣ. ಗಂಡ ಹೆಂಡತಿ ಇಬ್ಬರೇ ತಿಂಗಳುಗಟ್ಟಲೆ ಸುತ್ತುವವರಾದರೆ ಯೋಚಿಸಿ ನೋಡಬಹುದು.

ಹಾಗಾದರೆ ನಾನೇನು ಹಾಕಲಿ?

ಪುಣೆಯಿಂದ ಒಂದು ರಾತ್ರಿಗೆ ಹೋಗಿ ಮನೆಗೇ ಬಂದು ಸುರಿಯುವವರಿಗೆ ಸಿಟ್ರಿಕ್ ಆ್ಯಸಿಡ್ ಸಾಕು. ಗೋವಾ, ಕಾರವಾರಕ್ಕೆ ಮೂರ್ನಾಲ್ಕು ದಿನ ಹೋಗುವವರು ಬಟ್ಟೆ ಒಗೆಯುವ ಲಿಕ್ವಿಡ್ ಅಥವಾ ಅಳತೆ ಮಾಡಿದ ನೈಟ್ರೇಟ್ ಇಟ್ಟುಕೊಳ್ಳಿ. ಸೆಪ್ಟಿಕ್ ಟ್ಯಾಂಕಿರುವ ಮನೆಯವರು ಕೇಳಿದಾಗ ಧೈರ್ಯವಾಗಿ ಹೆಸರು ಹೇಳಬಹುದು. ದೊಡ್ಡ ಟ್ಯಾಂಕಿಗೆ ಬ್ಯಾಕ್ಟೀರಿಯಾ ಪುಡಿ. ನೀಲಿ ಬೇಕೇ ಬೇಕು ಅನ್ನುವವರು ನಗರದ ಒಳಚರಂಡಿಗೆ ಸೇರುವ ಕಮೋಡಿನಲ್ಲೇ ಖಾಲಿ ಮಾಡುವುದಾದರೆ ಮಾತ್ರ ತಗೊಳ್ಳಿ, ಅದೂ ಫಾರ್ಮಾಲ್ಡಿಹೈಡ್ ಇಲ್ಲದ್ದನ್ನು.

ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಬಿಡುವವರು ಕ್ಯಾಸೆಟನ್ನು ಸಿಟ್ರಿಕ್ ಆ್ಯಸಿಡ್ ನೀರಲ್ಲಿ ಒಂದು ರಾತ್ರಿ ಬಿಟ್ಟು ತೊಳೆಯಿರಿ. ನೆರಳಲ್ಲಿ ಒಣಗಿಸಿ, ಸೀಲಿಗೆ ಸಿಲಿಕಾನ್ ಸವರಿ, ಬ್ಲೇಡ್ ಮತ್ತು ಮೂತಿ ಎರಡನ್ನೂ ತೆರೆದೇ ಇಡಿ. ಮುಚ್ಚಿಟ್ಟರೆ ರಬ್ಬರ್ ಬ್ಲೇಡಿಗೆ ಅಂಟಿಕೊಂಡು ಮುಂದಿನ ಸಲ ಎಳೆದಾಗ ಹರಿಯುತ್ತದೆ.